ನಾತಾಲಬಾಯಿ ಹೇಳದ ಕಥೆ

ಹನ್ನೆರಡು ಕಥೆಗಳಲ್ಲಿ ಹನ್ನೊಂದು ಕೇಳಿ ಬರೆದುಕೊಂಡವು; ಹನ್ನೆರಡನೆಯದು ಕದ್ದದ್ದು. ಕದ್ದದ್ದು ತೀರಿಹೋದ ತನ್ನ ಅಜ್ಜಿ, ದಾದಿಮಾಳ ಬಾಯಿಂದ, ಇಟ್ಟದ್ದು ಬದುಕಿರುವ ಇನ್ನೊಬ್ಬ ಮುದುಕಿಯ ಬಾಯಲ್ಲಿ. ಸ್ವಂತ ಮನೆಯದನ್ನೇ ಎತ್ತಿಕೊಂಡು ಹೋಗಿ ಹೆರವರ ಮನೆಯಲ್ಲಿಟ್ಟರೆ ಅದು ಕಳವಾಗುತ್ತದೆಯೇ ಎಂದು ನಿಲೋಫರ, ದಾಂಡೇಲಿ ಬಸ್‌ಸ್ಟ್ಯಾಂಡಿನಿಂದ ಹೊರಟ ಹಳಿಯಾಳದ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆಯಾನಿಸಿ ಕೂತು, ಮೂರು ವಾರಗಳಿಂದ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳಿಕೊಂಡಳು. ಹನ್ನೊಂದು ಗಂಟೆಗೆ ಎಂ.ಎ. ಕನ್ನಡದ ಮೌಖಿಕ ಪರೀಕ್ಷೆ. ತೊಡೆಯ ಮೇಲೆ ನೀಲಿ ರಟ್ಟಿನ ಕಿರುಪ್ರಬಂಧ, ಬಂಗಾರದ ಅಕ್ಷರಗಳಲ್ಲಿ ‘ಹಳಿಯಾಳ ಪರಿಸರದ ಕ್ರೈಸ್ತ ಮಹಿಳೆಯರ ಕಥನ ಪರಂಪರೆ’, ಅದರ ಕೆಳಗೆ ತನ್ನ ಹೆಸರು. ಬೆಳಿಗ್ಗೆ ಅಬ್ಬಾ ಅದನ್ನು ಮುಟ್ಟುವ ಮೊದಲು ಸೋಪಿನ ಪುಡಿ ಹಾಕಿ ಎರಡು ಸಲ ಕೈ ತೊಳೆದಿದ್ದ. ಇಪ್ಪತ್ತು ವರ್ಷ ಮೋಟರ್‌ಸೈಕಲ್ಲುಗಳ ಹೊಟ್ಟೆಯಲ್ಲಿ ಆಡಿದ ಕೈ ಎರಡು ಸಲ ತೊಳೆದರೆ ಬಿಡುತ್ತದೆಯೇ. ಹಿಂದಿನ ರಟ್ಟಿನ ಮೇಲೆ ಒಂದು ಹೆಬ್ಬೆರಳು ಉಳಿದಿತ್ತು. ಅಬ್ಬಾ ಅಬ್ದುಲ್ ಕರೀಮನಿಗೆ ಅದು ಕಾಣಲಿಲ್ಲ. ಕಂಡವಳು ಒರೆಸಲಿಲ್ಲ. ಇಡೀ ಪುಸ್ತಕದಲ್ಲಿ ಸುಳ್ಳು ಹೇಳದ ಗುರುತು ಇದೊಂದೇ ಎಂದು ಅವಳಿಗೆ ಅನಿಸಿತ್ತು.

ನಾತಾಲಬಾಯಿಯ ಮನೆಗೆ ಅವಳು ಐದು ಶನಿವಾರ ಹೋಗಿದ್ದಳು. ಹಳಿಯಾಳದ ಇಗರ್ಜಿಯ ಹಿಂದಿನ ಓಣಿಯಲ್ಲಿ ಕೆಂಪು ಹಂಚಿನ ಮನೆ, ಬಾಗಿಲ ಮೇಲೆ ಒಣಗಿದ ತಾಳೆಗರಿಯ ಶಿಲುಬೆ, ಒಳಗೆ ಎಪ್ಪತ್ತಮೂರು ವರ್ಷದ, ಕಿವಿಯ ತೂತು ಜೋತುಬಿದ್ದ ದೊಡ್ಡ ದನಿಯ ಹೆಂಗಸು. ಇಡೀ ಓಣಿಯಲ್ಲಿ ಕಥೆ ಅಂದರೆ ನಾತಾಲಬಾಯಿ ಎಂದು ಎಲ್ಲರೂ ಅಂದಿದ್ದರು. ಮೊದಲ ಶನಿವಾರವೇ ಆಕೆ ಒಂದು ತಾಟು ತುಂಬ ಸಾನ್ನಾ ತಂದಿಟ್ಟಳು. ಇಡ್ಲಿಯಂತೆ ಬಿಳಿ, ಮೆತ್ತಗೆ, ಆಗಷ್ಟೇ ಹಬೆಯಿಂದ ಇಳಿದದ್ದು. ಅದರ ಹಿಟ್ಟು ಉಬ್ಬಲಿ ಎಂದು ಸೇಂದಿ ಹಾಕುತ್ತಾರೆಂದು ನಿಲೋಫರಳಿಗೆ ಕಾಲೇಜಿನ ಗೆಳತಿಯರಿಂದ ಗೊತ್ತಿತ್ತು. ಸೇಂದಿ ಇದ್ದದ್ದು ನಾವು ತಿನ್ನೋದಿಲ್ಲ ಬಾಯಿ ಎಂದು ಅಂದುಬಿಟ್ಟಿದ್ದರೆ ಒಂದು ಉಸಿರಿನ ಮಾತು. ಆದರೆ ಆ ‘ನಾವು’ ಎಂಬ ಶಬ್ದ ಈ ಊರಲ್ಲಿ, ಸಿಸ್ಟರುಗಳ ಈ ಕಾಲೇಜಿನಲ್ಲಿ, ಈ ಎರಡು ವರ್ಷದಲ್ಲಿ ಅವಳ ಗಂಟಲಲ್ಲೇ ಮನೆ ಮಾಡಿಕೊಂಡಿತ್ತು. ಹೊಟ್ಟೆನೋವು ಎಂದಳು. ಎರಡನೆಯ ಶನಿವಾರವೂ ಹೊಟ್ಟೆನೋವು; ಕಥೆ ಮುಂದಿನ ವಾರಕ್ಕೆ ಹೋಯಿತು. ಮೂರನೆಯದಕ್ಕೆ ನಾತಾಲಬಾಯಿ ತಾಟನ್ನು ಅವಳ ಮುಂದಿಟ್ಟು, ಅವಳ ಮುಖ ನೋಡುತ್ತ, ತಾನೇ ಎತ್ತಿ ಒಳಗೆ ಒಯ್ದಳು. ಆಮೇಲೆ ಕಥೆಯೂ ಇಲ್ಲ, ಕಥೆಯ ಬಾಲವೂ ಇಲ್ಲ. “ನನಗ ಎಲ್ಲಿ ಕಥಿ ಬರ್ತಾವು ಪೋರಿ? ಎಲ್ಲಾ ಮರತೇನಿ,” ಎಂದು ಮುದುಕಿ ಹಲಸಿನ ಬೀಜ ಸುಲಿಯುತ್ತ ಕೂತಳು. ಇವಳೂ ಕೂತು ಸುಲಿದಳು. ಮೊಬೈಲಿನ ಧ್ವನಿಮುದ್ರಣದಲ್ಲಿ ಐವತ್ತು ನಿಮಿಷ ಬರೀ ಬೀಜದ ಸಿಪ್ಪೆ ಚಟಪಟ ಅನ್ನುವುದು, ನಡುವೆ ಒಂದು ಹುಂಜ.

ಕಿರುಪ್ರಬಂಧಕ್ಕೆ ಹನ್ನೆರಡು ಬೇಕಿತ್ತು, ಹನ್ನೊಂದಿತ್ತು. ಕೊನೆಯ ವಾರ, ಮನೆಯ ಹಿತ್ತಲಲ್ಲಿ, ಒಗೆದ ಬಟ್ಟೆಗಳ ನಡುವೆ ಪೀಠ ಹಾಕಿಕೊಂಡು ಕೂತವಳ ಕೈ ತಾನಾಗಿ ಬರೆಯತೊಡಗಿತ್ತು: ಕಥೆ ಹನ್ನೆರಡು, ಹೇಳಿದವರು ನಾತಾಲಬಾಯಿ. ದಾದಿಮಾಳ ಕಥೆ. ಪೀರನ ದರ್ಗಾ ಇದ್ದಲ್ಲಿ ಶಿಲುಬೆಯ ಕಟ್ಟೆ ಬಂತು, ಬೀಬಿ ಇದ್ದಲ್ಲಿ ಮೇರಿಮಾತೆ, ಅವರ ಸಾಯ್ಬಿಣ್ ಮಾಯ್ ಬಂದಳು. ಉಳಿದದ್ದೆಲ್ಲ ಎಷ್ಟು ಸಲೀಸಾಗಿ ಇಳಿಯಿತೆಂದರೆ, ಬರೆದು ಮುಗಿಸಿದಾಗ ಅವಳಿಗೆ ಅಳು ಬಂದಿತ್ತು. ಎರಡು ವರ್ಷದ ಹಿಂದೆ ಮಣ್ಣಾದವಳ ದನಿ ಮೊದಲ ಸಲ ಮತ್ತೆ ಕೇಳಿತ್ತು, ಅದೂ ಇನ್ನೊಬ್ಬಳ ಹೆಸರಿನಲ್ಲಿ. ಆ ಹುಮ್ಮಸ್ಸಿನಲ್ಲಿ ಒಂದು ಅಡಿಟಿಪ್ಪಣಿ ಕೂಡ ಸೇರಿಸಿದಳು: ‘ಹಗಲಿನಲ್ಲಿ ಕಥೆ ಹೇಳಿದರೆ ದಾರಿಯಲ್ಲಿರುವ ಪಯಣಿಗರು ದಾರಿ ತಪ್ಪುತ್ತಾರೆಂಬ ನಂಬಿಕೆ ಈ ವಕ್ತೃವಿನಲ್ಲಿದೆ.’ ಅದು ದಾದಿಮಾಳ ಕಟ್ಟಪ್ಪಣೆ. ಮುಂಡಗೋಡ ಕಡೆಯ ಪಾಳಾದಿಂದ ಮದುವೆಯಾಗಿ ಬರುವಾಗ ಆಕೆ ಒಂದು ಕಬ್ಬಿಣದ ಟ್ರಂಕನ್ನೂ ಈ ಅಪ್ಪಣೆಯನ್ನೂ ತಂದಿದ್ದಳು. ಮೊಮ್ಮಗಳು ಮಧ್ಯಾಹ್ನ ಕಾಡಿದರೆ, “ದಿನ್ ಮೆ ನಕ್ಕೊ ಬಚ್ಚಾ. ನಿನ್ನ ಚಾಚಾ ಲಾರಿ ತಗೊಂಡ ಹೋಗ್ಯಾನ, ದಾರಿ ತಪ್ಪಿ ಎಲ್ಲಿ ಹುಡಕೂಣು?” ಅನ್ನುತ್ತಿದ್ದಳು. ದೀಪ ಹಚ್ಚುವವರೆಗೆ ಕಾಯಬೇಕು. ಲೋಕದ ಲಾರಿಗಳೆಲ್ಲ ತಮ್ಮ ತಮ್ಮ ಊರು ಮುಟ್ಟಿದ ಮೇಲೆ ಕಥೆ.

“ಏ ನಿಲ್ಲೂ, ಮಾರಿ ಯಾಕ ಹಂಗ ಮಾಡಿ?” ಎಂದು ಪಕ್ಕ ಕೂತಿದ್ದ ವಿದ್ಯಾವತಿ ಮೊಳಕೈಯಿಂದ ತಿವಿದಳು. ಪೇಪರ್ ಮಿಲ್ಲಿನ ಕ್ವಾರ್ಟರ್ಸಿನ ಹುಡುಗಿ. ಅಪ್ಪ ಬೆಳಗಾವಿ ಕಡೆಯಿಂದ ಬಂದು ಮಿಲ್ಲು ಸೇರಿದವನು. ಎರಡು ವರ್ಷ ಇಬ್ಬರೂ ಇದೇ ಬಸ್ಸು, ಇದೇ ಸೀಟು. “ರ‍್ಯಾಂಕ್ ಬರೂದು ನಿನಗ, ಹೆದರೂದೂ ನೀನ. ನಮಗೇನ ಉಳಸ್ತಿ?”

ನಿಲೋಫರ ಹೇಳಿಬಿಟ್ಟಳು. ಹೇಳಬೇಕೆಂದು ಹೇಳಿದ್ದಲ್ಲ. ಎದುರಿನಿಂದ ಬಿದಿರಿನ ಲಾರಿ ಬಂದು, ಡ್ರೈವರ್ ಬ್ರೇಕು ಹಾಕಿ, ಎಲ್ಲರೂ ಮುಂದೆ ಮುಗ್ಗರಿಸಿದಾಗ ಮಾತೂ ಮುಗ್ಗರಿಸಿ ಬಂತು.

ವಿದ್ಯಾವತಿ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕಳು. “ಅಷ್ಟನಾ? ನಾ ಯಾರನ್ನರ ಕೊಂದಿ ಅಂತ ಮಾಡಿದ್ದೆ. ನಾನೂ ಎರಡ ಹಾಡ ನಮ್ಮವ್ವನ ಕಡಿಂದ ಬರಸಿ, ಹಳಿಯಾಳದ್ದು ಅಂತ ಹಾಕೀನಿ. ಯಾರಿಗಿ ಗೊತ್ತಾಕ್ಕೈತಿ?”

“ನಿನ್ನ ಕಡೆ ಹಾಡಿದಾಕಿ ನಿಮ್ಮವ್ವ. ನಾತಾಲಬಾಯಿ ಇವತ್ತ ಬರ್ತಾಳ ವಿದ್ಯಾ. ಆಕಿ ಮುಂದ ಓದಬೇಕು.”

ವಿದ್ಯಾವತಿಯ ನಗು ಅರ್ಧಕ್ಕೆ ನಿಂತಿತು. ಮೌಖಿಕ ಪರೀಕ್ಷೆಗೆ ಕಥೆ ಹೇಳಿದವರನ್ನೂ ಕರೆಸುವುದು ಕನ್ನಡ ವಿಭಾಗದ ಸಿಸ್ಟರ್ ಲಿಯೋಕಾಡಿಯಾ ಅವರು ಮಾಡಿದ ಪದ್ಧತಿ. ಬೇರೆ ಯಾವ ಕಾಲೇಜಿನಲ್ಲೂ ಇಲ್ಲ. “ಯಾರ ಬಾಯಿಂದ ತಗೊಂಡದ್ದೋ ಅವರ ಕಿವಿಗೆ ಒಮ್ಮೆ ವಾಪಸು ಹಾಕಬೇಕು. ಇಲ್ಲದಿದ್ದರೆ ಅದು ಎಂತ ಸಂಗ್ರಹ?” ಎಂದು ಅವರು ತಮ್ಮ ಮಂಗಳೂರಿನ ಕನ್ನಡದಲ್ಲಿ ಅನ್ನುವರು. ಮುದುಕಿಯರು ಸೀರೆ ಉಟ್ಟು ಬಂದು ಬೆಂಚಿನ ಮೇಲೆ ಸಾಲಾಗಿ ಕೂರುವರು. ಕಾಫಿ, ಒಂದೊಂದು ಕೇಕಿನ ತುಂಡು. ಪರೀಕ್ಷಕರು ಆರಿಸಿದ ಕಥೆಯನ್ನು ವಿದ್ಯಾರ್ಥಿನಿ ಓದಬೇಕು. ಸಿಸ್ಟರ್ ಹನ್ನೆರಡನೆಯ ಕಥೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಮೂರು ಗೆರೆ ಎಳೆದು, ‘ಇದು ಪುಸ್ತಕವಾಗಬೇಕು’ ಎಂದು ಬರೆದಿದ್ದರು.

“ಹಂಗಾರ ಒಂದ ಕೆಲಸ ಮಾಡು,” ಎಂದು ವಿದ್ಯಾವತಿ ದನಿ ಇಳಿಸಿದಳು. “ಒಳಗ ಹೋಗೂಕಿಂತ ಮೊದಲ ಮುದುಕಿ ಕಾಲ ಹಿಡಿ. ಹೂಂ ಅನ್ನು ಬಾಯಿ ಅಂತ ಹೇಳು. ಒಂದ ಹೂಂ. ಮುಗೀತು.”

ಒಂದು ಹೂಂ. ಹಳಿಯಾಳ ಬರುವವರೆಗೂ ನಿಲೋಫರ ಆ ಹೂಂ ಅನ್ನು ನಾಲಗೆಯ ಮೇಲೆ ಹೊರಳಿಸಿದಳು. ಎರಡು ವರ್ಷದಿಂದ ತಾನು ಅಂದದ್ದೂ ಅದೇ ಅಲ್ಲವೇ. ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೂ ಆಮೆನ್ ಅಂದಾಗ ತುಟಿ ಅಲ್ಲಾಡಿಸಿ ಹೂಂ. ಹೊರಗಿನಿಂದ ಯಾರಾದರೂ ದೊಡ್ಡವರು ಬಂದಾಗ ಪ್ರಿನ್ಸಿಪಾಲರು ಕ್ಲಾಸಿನ ಬಾಗಿಲಲ್ಲಿ ನಿಂತು, “ನೋಡಿ, ನಮ್ಮಲ್ಲಿ ಇವರೂ ಇದ್ದಾರೆ,” ಎಂದು ಬೆರಳು ತೋರಿಸಿದಾಗ ಎದ್ದು ನಿಂತು ಹೂಂ. ಯಾರೂ ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಸಿಟ್ಟು ಬಂದು ಹಗುರಾಗಬಹುದಿತ್ತು. ಹೋದ ವರ್ಷದ ಕ್ರಿಸ್‌ಮಸ್ ನಾಟಕದಲ್ಲಿ ಮೇರಿಯ ಪಾತ್ರ ಇವಳಿಗೇ ಬಂತು. “ನಿಂಗ ತಲಿ ಮ್ಯಾಲ ಸೆರಗ ಹೊಂದಸೂ ಕೆಲಸನ ಇಲ್ಲಲ್ಲ,” ಎಂದು ಹುಡುಗಿಯರು ನಕ್ಕರು, ಇವಳೂ ನಕ್ಕಳು, ದನದ ಕೊಟ್ಟಿಗೆಯಲ್ಲಿ ಪ್ಲಾಸ್ಟಿಕ್ಕಿನ ಕೂಸನ್ನೆತ್ತಿಕೊಂಡು ಕೂತಳು. ನಮ್ಮಲ್ಲೂ ಬೀಬಿ ಮರಿಯಮ್ ಇದ್ದಾಳೆ, ನನ್ನ ದಾದಿಮಾ ಹೇಳುತ್ತಿದ್ದ ಮರಿಯಮ್ ಖರ್ಜೂರದ ಗಿಡದ ಕೆಳಗೆ ಒಬ್ಬಳೇ ಹೆರುತ್ತಾಳೆ, ನೋವಿಗೆ ಗಿಡವನ್ನು ಅಪ್ಪಿಕೊಂಡು ಅಳುತ್ತಾಳೆ, ಗಿಡ ಹಣ್ಣು ಉದುರಿಸುತ್ತದೆ ಎಂದು ಹೇಳಬೇಕೆಂದು ಇಡೀ ನಾಟಕದುದ್ದಕ್ಕೂ ಬಾಯಿ ತುಂಬ ಇತ್ತು. ಮೇರಿಗೆ ಆ ನಾಟಕದಲ್ಲಿ ಮಾತೇ ಇರಲಿಲ್ಲ.

ಕಾಲೇಜಿನ ಜಗುಲಿಯಲ್ಲಿ ನಾತಾಲಬಾಯಿ ಆಗಲೇ ಕೂತಿದ್ದಳು. ಇಗರ್ಜಿಗೆ ಉಡುವ ಹಸಿರು ರೇಷ್ಮೆ, ಕೈಯಲ್ಲಿ ಜಪಮಾಲೆ, ಇನ್ನೊಂದು ಕೈಯಲ್ಲಿ ಕಾಫಿ ಬಟ್ಟಲು. ನಿಲೋಫರಳನ್ನು ಕಂಡವಳೇ ದೊಡ್ಡ ದನಿಯಲ್ಲಿ, “ಬಾ ಪೋರಿ ಬಾ. ಹೊಟ್ಟಿನೋವ ಹೆಂಗೈತಿ?” ಎಂದಳು. ಆಚೆ ಬೆಂಚಿನ ಹೆಂಗಸರು ಮುಸಿಮುಸಿ ನಕ್ಕರು.

“ಬಾಯಿ, ಒಂದ ಮಾತ…”

“ನಾ ನಿನ್ನ ಕೇಳಬೇಕು ಒಂದ ಮಾತ. ಸಿಸ್ಟರ್ ಅಂತಾರ, ನಾತಾಲಬಾಯಿ, ನಿಂದ ಕಥಿ ಎಲ್ಲಾರಕಿಂತ ಚಂದ ಐತಿ, ಧಾರವಾಡದ ಸಾಹೇಬರೂ ಮೆಚ್ಚಿಕೊಂಡಾರ ಅಂತ. ನಾ ಯಾವ ಕಥಿ ಹೇಳೀನವ್ವಾ ನಿನಗ? ಜೀರಿಗಿ ನೀರ ಕುಡಿ, ಹೊಟ್ಟಿ ಹಗರ ಆಕ್ಕೈತಿ ಅಂತ ಹೇಳಿದ್ದ ಬಿಟ್ರ?”

ಮುದುಕಿಯ ಕಣ್ಣಲ್ಲಿ ತಮಾಷೆಯೂ ಇತ್ತು, ತಮಾಷೆಯ ಹಿಂದೆ ಇನ್ನೊಂದೂ ಇತ್ತು. ತಾಟು ಎತ್ತಿಕೊಂಡು ಒಳಗೆ ಹೋದ ದಿನ ಇದ್ದದ್ದು. ಹೂಂ ಅನ್ನು ಬಾಯಿ ಎಂಬ ಮಾತು ನಿಲೋಫರಳ ತುಟಿಯ ತನಕ ಬಂದು, ಅಲ್ಲಿ ನಿಂತು, ತಾನು ಎಂಥ ಮಾತು ಎಂದು ತನ್ನನ್ನೇ ನೋಡಿಕೊಂಡಿತು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ನಾತಾಲಬಾಯಿ ಬಟ್ಟಲು ಕೆಳಗಿಟ್ಟು, ಅವಳ ಹೆಗಲು ಹಿಡಿದು ಎದ್ದಳು. ಹಿಡಿದ ಕೈ ಬಾಗಿಲು ದಾಟುವವರೆಗೂ ಬಿಡಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಮೇಜು, ಮೇಜಿನಾಚೆ ಇಬ್ಬರು: ಸಿಸ್ಟರ್ ಲಿಯೋಕಾಡಿಯಾ, ಮತ್ತು ಧಾರವಾಡದಿಂದ ಬಂದ ಡಾಕ್ಟರ್ ಮಹಾಂತಪ್ಪ, ಬಿಳಿ ಅಂಗಿ, ದಪ್ಪ ಕನ್ನಡಕ, ನಶ್ಯದ ಡಬ್ಬಿ. ಗೋಡೆಯ ಮೇಲೆ ಎದೆ ತೆರೆದು ಹೃದಯ ತೋರಿಸುವ ಏಸುವಿನ ಪಟ. ಅದರ ಕಡೆ ನೋಡಬಾರದೆಂದು ನಿಲೋಫರ ಯಾವಾಗಲೂ ಅಂದುಕೊಳ್ಳುವಳು, ಯಾವಾಗಲೂ ನೋಡುವಳು. ಹೀಗೆ ಎದೆಯ ಗುಂಡಿ ಬಿಚ್ಚಿ ಒಳಗಿನದನ್ನು ಇಡೀ ಕ್ಲಾಸಿಗೆ ತೋರಿಸಿಕೊಂಡು ನಿಂತವರಿಗೆ ನಾಚಿಕೆ ಆಗುವುದಿಲ್ಲವೇ ಎಂದು ಮೊದಲ ದಿನ ಅನಿಸಿತ್ತು. ಮೊದಲ ಹತ್ತು ನಿಮಿಷದ ಪ್ರಶ್ನೆಗಳು ಬಂದವು, ಉತ್ತರಗಳು ಹೋದವು. ಆಮೇಲೆ ಮಹಾಂತಪ್ಪ ಪುಟ ತಿರುವಿ, “ಹನ್ನೆರಡನೇದ್ದು ಓದ್ರಿ,” ಎಂದರು.

ಓದಿದಳು. ಅದು ಓದಿನಂತಿರಲಿಲ್ಲ; ಬೇರೆ ಯಾರದೋ ಬಟ್ಟೆ ಹಾಕಿಸಿ ದಾದಿಮಾಳನ್ನು ಮೆರವಣಿಗೆ ಮಾಡಿಸಿದಂತಿತ್ತು. ಶಿಲುಬೆಯ ಕಟ್ಟೆ ಬಂದಾಗ ದನಿ ತೊಡರಿತು. ಬೆಂಚಿನ ಮೇಲೆ ನಾತಾಲಬಾಯಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಜಪಮಾಲೆಯ ಮಣಿ ಒಂದು ಕೂಡ ಸರಿಯಲಿಲ್ಲ. ಮುಗಿದಾಗ ಮಹಾಂತಪ್ಪ ನಶ್ಯ ಏರಿಸಿ, “ಭಾಳ ಛಂದ ಅದ. ನಲವತ್ತು ವರ್ಷ ಕಥೀ ಹಿಂದ ಅಡ್ಡಾಡೇನಿ, ಇದನ್ನ ಕೇಳಿಲ್ಲ,” ಎಂದರು. “ಆದರ ಈ ಅಡಿಟಿಪ್ಪಣಿ ನೋಡ್ರಿ ಸಿಸ್ಟರ್. ಹಗಲಿ ಕಥಿ ಹೇಳಿದ್ರ ಪಯಣಿಗರು ದಾರಿ ತಪ್ಪತಾರ ಅನ್ನೋದು. ಇದು ನನಗ ಸವಣೂರು, ಬಂಕಾಪುರದ ಕಡೆ ಮುಸಲ್ಮಾನರ ಮನ್ಯಾಗ ಸಿಕ್ಕದ. ಕ್ರಿಶ್ಚನ್ನರ ಕಡೆ ಎಂದೂ ಸಿಕ್ಕಿಲ್ಲ.” ಅವರು ಕನ್ನಡಕದ ಮೇಲಿಂದ ಬೆಂಚಿನ ಕಡೆ ನೋಡಿದರು. “ಯಾರವರು ನಾತಾಲಬಾಯಿ? ಏನ್ರವಾ, ಇದು ನೀವ ಹೇಳಿದ್ದೋ?”

ನಾತಾಲಬಾಯಿ ಕಣ್ಣು ತೆರೆದು ಪರೀಕ್ಷಕರನ್ನು ನೋಡಲಿಲ್ಲ, ನಿಲೋಫರಳನ್ನು ನೋಡಿದಳು. ಎಷ್ಟು ಹೊತ್ತು? ಒಂದು ಬೀಜದ ಸಿಪ್ಪೆ ಸುಲಿಯುವಷ್ಟು.

“ಹೌದ್ರಿ ಸಾಹೇಬ್ರ,” ಎಂದಳು. “ನಾನ ಹೇಳೀನಿ.”

“ಹಗಲಿ ಹೇಳಬಾರದು ಅನ್ನೋದೂ?”

“ಅದೂ ನಂದ. ನಮ್ಮ ಅಜ್ಜಿ ಹೇಳತಿದ್ಲು.” ಮಣಿಯೊಂದು ಹೆಬ್ಬೆರಳಿನ ಕೆಳಗೆ ಸಿಕ್ಕಿಕೊಂಡಿತ್ತು.

ಸಿಸ್ಟರ್ ಸಮಾಧಾನದಿಂದ ತಲೆಯಾಡಿಸಿದರು. ಮಹಾಂತಪ್ಪ, “ಹಂಗಾದ್ರ ಇದು ಹೊಸಾ ವಿಷಯ,” ಎಂದು ಪೆನ್ನೆತ್ತಿ ಬರೆದುಕೊಳ್ಳತೊಡಗಿದರು. ಮುಗಿದಿತ್ತು. ಒಂದು ಹೂಂ ಕೂಡ ಬೇಡದೆ ಮೂರು ಸಿಕ್ಕಿದ್ದವು. ರ‍್ಯಾಂಕು, ಪುಸ್ತಕ, ಅಬ್ಬಾ ಅಂಗಡಿಯ ಮುಂದೆ ಹಂಚುವ ಪೇಡೆ, ಎಲ್ಲ ಆ ಕೋಣೆಯಲ್ಲೇ ನಿಂತು ಅವಳಿಗಾಗಿ ಕಾಯುತ್ತಿದ್ದವು. ನಿಲೋಫರಳಿಗೆ ಕಂಡದ್ದು ಮಾತ್ರ ನಾತಾಲಬಾಯಿಯ ಹೆಬ್ಬೆರಳು. ತನ್ನ ಮನೆಯಲ್ಲಿ ಒಂದು ತುತ್ತು ತಿನ್ನದ ಹುಡುಗಿಗಾಗಿ ಈ ಹೆಂಗಸು ತನ್ನ ದೇವರ ಪಟದ ಕೆಳಗೆ, ತನ್ನ ಸಿಸ್ಟರ ಎದುರು, ಕೈಯಲ್ಲಿ ಜಪಮಾಲೆ ಹಿಡಿದುಕೊಂಡು ಸುಳ್ಳು ಹೇಳಿದಳು. ಸತ್ತ ದಾದಿಮಾಳಿಂದ ಕಥೆಯನ್ನು, ಈಗ ಬದುಕಿರುವ ಇವಳಿಂದ ನಿಜವನ್ನು ಕದ್ದದ್ದಾಯಿತು. ಇನ್ನು ಯಾರ್ಯಾರಿಂದ ಏನೇನು? ಹೊಟ್ಟೆಯಲ್ಲಿ ನಿಜವಾಗಿಯೂ ನೋವು ಎದ್ದಿತು. ಆಶ್ಚರ್ಯವೆಂದರೆ ಅದು ಭಯದ್ದಾಗಿರಲಿಲ್ಲ, ಹಸಿವಿನಂತಿತ್ತು.

“ಆಕಿ ಹೇಳಿಲ್ರಿ ಸರ್,” ಎಂಬ ದನಿ ಕೇಳಿತು. ತನ್ನದೇ. “ಬಾಯಿ ನನ್ನ ಸಲವಾಗಿ ಸುಳ್ಳ ಹೇಳ್ಯಾಳ. ಕಥಿ ನಮ್ಮ ದಾದಿಮಾಂದು. ಟಿಪ್ಪಣೀನೂ ಆಕೀದ. ನಾನ ಹೆಸರ ಬದಲ ಮಾಡೀನಿ.”

ಮಹಾಂತಪ್ಪನವರ ಪೆನ್ನು ನಿಂತಿತು. ಸಿಸ್ಟರ ಮುಖ ಬಿಳಿಚಿತು, ಕೆಂಪಾಯಿತು. “ಎಂತ ಮಾಡಿದ್ದು ಮಾರಾಯ್ತಿ ನೀನು? ಯಾಕೆ?”

ಯಾಕೆ ಎಂಬುದಕ್ಕೆ ಮೂರು ವಾರದಿಂದ ಕಟ್ಟಿಟ್ಟುಕೊಂಡ ಉತ್ತರಗಳೆಲ್ಲ ಎಲ್ಲಿಗೋ ಹೋಗಿ, ಉಳಿದದ್ದು ಒಂದು ತಾಟು. “ಬಾಯಿ ಸಾನ್ನಾ ಕೊಟ್ಟಿದ್ಲು ಸಿಸ್ಟರ್. ಅದರಾಗ ಸೇಂದಿ ಇರತೈತಿ. ನಾವು ತಿನ್ನೂದಿಲ್ಲ. ಹಂಗಂತ ಹೇಳೂದ ಬಿಟ್ಟು ಹೊಟ್ಟಿನೋವ ಅಂದೆ. ಆಕಿಗಿ ಬ್ಯಾಸರ ಆತು, ಕಥಿ ಹೇಳಲಿಲ್ಲ. ತಪ್ಪ ನಂದ.” ‘ನಾವು’ ಎಂದದ್ದು ಆಡಿದ ಮೇಲೆ ಕೇಳಿಸಿತು. ಗಂಟಲು ಖಾಲಿಯಾಗಿತ್ತು.

“ಅಯ್ಯ ದೇವಾ!” ನಾತಾಲಬಾಯಿ ಬೆಂಚಿನಿಂದ ಎದ್ದೇಬಿಟ್ಟಳು. “ಅಷ್ಟ ಹೇಳಿದ್ರ ಆಗತಿತ್ತಲ್ಲ ಪೋರಿ! ನಾ ಏನ ತಿಳಕೊಂಡೆ? ನಮ್ಮ ಮನಿ ತಾಟ ಮುಟ್ಟಾಕ ನಿನಗ ಹೇಸಿಗಿ ಆಗತೈತಿ ಅಂತ ತಿಳಕೊಂಡೆ. ಮೂರ ಶನಿವಾರ ನನಗ ನಿದ್ದಿ ಇಲ್ಲ. ಸೊಸಿ ಮ್ಯಾಲ ಒದರ್ಯಾಡೀನಿ, ಮನಿ ಸ್ವಚ್ಛ ಇಡೂದಿಲ್ಲ ನೀ ಅಂತ. ಹಂದಿ ನಿಮಗ ಆಗೂದಿಲ್ಲ ಅಂತ ಗೊತ್ತಿತ್ತು, ಆ ಗಡಿಗಿ ಮುಚ್ಚಿಟ್ಟಿದ್ದೆ. ಈ ಸೇಂದಿ ನೆಪ್ಪ ಆಗಲಿಲ್ಲ ನೋಡು!”

ಯಾರೋ ಮುದುಕಿ ಕಿಸಕ್ಕನೆ ನಕ್ಕಳು. ಮಹಾಂತಪ್ಪ ನಗಲಿಲ್ಲ. ಅವರು ನೀಲಿ ರಟ್ಟನ್ನು ಮುಚ್ಚಿ, ಅದರ ಮೇಲೆ ಎರಡೂ ಕೈಯಿಟ್ಟು, “ನೋಡ್ರಿ ತಂಗಿ,” ಎಂದರು. “ನಿಯಮ ನಾ ಮಾಡಿದ್ದಲ್ಲ. ಈ ಅಧ್ಯಾಯ ಹೋಗ್ತದ. ಅದರ ಅಂಕಾನೂ ಹೋಗ್ತಾವ. ಉಳಿದ ಹನ್ನೊಂದರ ಮ್ಯಾಲ ಪಾಸ್ ಆಗತೀರಿ, ಆದರ ರ‍್ಯಾಂಕ್ ಮರತಬಿಡ್ರಿ. ನಾವು ಇಬ್ಬರೂ ಇದಕ್ಕ ಸಹಿ ಮಾಡಬೇಕಾಗ್ತದ.”

“ಮಾಡ್ರಿ ಸರ್,” ಎಂದಳು. ಮಾತು ಇಷ್ಟು ಹಗುರಾಗಿ ಬಂದದ್ದಕ್ಕೆ ಅವಳಿಗೇ ಬೆರಗಾಯಿತು. ಎದ್ದು ಹೋಗಲು ಪುಸ್ತಕಕ್ಕೆ ಕೈ ಚಾಚಿದಳು. ಅವರು ಬಿಡಲಿಲ್ಲ.

“ಪರೀಕ್ಷಾ ಮುಗೀತು. ಈಗ ನಾ ಪರೀಕ್ಷಕ ಅಲ್ಲ, ನಲವತ್ತು ವರ್ಷ ಕಥೀ ಹಿಂದ ಅಡ್ಡಾಡಿದಾಂವ. ನೀವು ಓದಿದ್ರಲ್ಲ, ಅದರಾಗ ಅಲ್ಲಲ್ಲಿ ಹೊಲಿಗಿ ಬಿಟ್ಟಿತ್ತು. ಶಿಲುಬಿ ಕಟ್ಟಿ ಬಂದಲ್ಲಿ ನಿಮ್ಮ ದನಿ ಸುಳ್ಳಾತು. ನಿಮ್ಮ ಅಜ್ಜಿ ಹೆಂಗ ಹೇಳತಿದ್ರೋ ಹಂಗ ಹೇಳ್ರಿ. ಕಾಗದ ಬ್ಯಾಡ.”

“ಇಲ್ಲಿ?”

“ಮತ್ತೆಲ್ಲಿ?”

ಹೊರಗೆ ಹನ್ನೆರಡರ ಬಿಸಿಲು ಅಂಗಳದ ತುಂಬ ನಿಂತಿತ್ತು. ಇಷ್ಟು ಹಗಲಿನಲ್ಲಿ ಈ ಕಥೆಯನ್ನು ಯಾರೂ ಎಂದೂ ಹೇಳಿಲ್ಲ. ಹೇಳಿದರೆ ದಾಂಡೇಲಿಯ ಬಸ್ಸು ಜೋಯಿಡಾದ ಕಾಡಿಗೆ ನುಗ್ಗಬಹುದು, ಉಳವಿಗೆ ಹೊರಟ ಜೀಪು ಅತ್ತಿವೇರಿಯ ಕೆರೆಯ ದಂಡೆಗೆ ಹೋಗಿ ಹಕ್ಕಿಗಳ ನಡುವೆ ನಿಲ್ಲಬಹುದು, ಬಿದಿರಿನ ಲಾರಿಗಳು ಮಿಲ್ಲಿನ ಗೇಟು ಮರೆತು ಬಂದ ಕಾಡಿಗೇ ಮರಳಬಹುದು. ಮರಳಲಿ ಎಂದುಕೊಂಡಳು ನಿಲೋಫರ. ಒಂದು ದಿನ ಎಲ್ಲರೂ ದಾರಿ ತಪ್ಪಲಿ, ತಪ್ಪಿ ಬೇರೆ ಊರು ನೋಡಲಿ. ದುಪಟ್ಟಾ ಸರಿಮಾಡಿಕೊಂಡು, ಕುರ್ಚಿ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕುರ್ಚಿಯ ಮೇಲೆ ಕೂತು ಹೇಳುವ ಕಥೆಯಲ್ಲ ಇದು.

“ಜಾಗರೇ ಕ್ಯಾ?” ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. “ಎಚ್ಚರ ಅದೀರೇನ ಅಂತ ಕೇಳಿದೆ. ಯಾರರ ಹೂಂ ಅನಬೇಕು. ಹೂಂ ಅನ್ನಲಿಲ್ಲಂದ್ರ ಕಥಿ ಮುಂದ ಹೋಗೂದಿಲ್ಲ, ಹಂಗ ನಮ್ಮಲ್ಲಿ.”

“ಹೂಂ,” ಎಂದಳು ನಾತಾಲಬಾಯಿ.

“ಒಂದ ಊರಾಗ ಒಬ್ಬ ಹುಡುಗಿ. ಆಕಿಗಿ ನೆರಳ ಇದ್ದಿದ್ದಿಲ್ಲ.”

“ಹೂಂ.”

“ದೃಷ್ಟಿ ಆದೀತಂತ ಅವ್ವ ಆಕೀನ್ನ ಹೊರಗ ಬಿಟ್ಟಿದ್ದಿಲ್ಲ. ಲಗ್ನ ಆತು. ಗಂಡನ ಮನ್ಯಾಗ ಏಳ ಮಂದಿ ನೆಗೆಣ್ಣಿಯರು. ನಡು ಮಧ್ಯಾಹ್ನ ನೀರಿಗಿ ಕಳಿಸಿದ್ರು. ಕಳಿಸಿ, ನೋಡ್ರಿ, ಎಲ್ಲಾರೂ ನೋಡ್ರಿ, ಈಕೀಗಿ ನೆರಳ ಇಲ್ಲಾ ಅಂತ ನಕ್ರು. ಹುಡುಗಿ ಬಗ್ಗಿ ನೋಡತಾಳ, ಖರೇನ, ಕಾಲ ಕೆಳಗ ಏನೂ ಇಲ್ಲ.”

“ಹೂಂ.” ಈ ಸಲದ ಹೂಂ ನಾತಾಲಬಾಯಿಯದೊಂದೇ ಅಲ್ಲ, ಬೆಂಚಿನ ತುದಿಯಿಂದ ಇನ್ನೊಂದು ಸೇರಿತ್ತು.

ಆಮೇಲೆ ನಿಲೋಫರಳಿಗೆ ತಾನು ಹೇಳುತ್ತಿರುವುದು ಗೊತ್ತಾಗಲಿಲ್ಲ. ನಾಚಿದ ಹುಡುಗಿ ದಿನವೂ ಒಂದು ನೆರಳು ಬೇಡಿ ತಂದಳು, ಆಡಿನದು, ರಾಟೆಯದು, ಹುಣಸೆ ಗಿಡದ್ದು. ಆಡಿನ ನೆರಳು ತೊಟ್ಟ ದಿನ ನಡಿಗೆ ಕುಣಿಯಿತು, ಹುಣಸೆಯದು ತೊಟ್ಟ ದಿನ ಮೈಮೇಲೆ ಹಕ್ಕಿ ಕೂತವು. ಸಂಜೆಗೆ ತಿರುಗಿ ಕೊಟ್ಟಳು. ಒಂದು ದಿನ ದರ್ಗಾದ ಕಟ್ಟೆಯ ಮೇಲೆ ಮಲಗಿದ್ದ ಮುದುಕಿಯ ನೆರಳನ್ನು ಕೇಳದೆ ಎತ್ತಿಕೊಂಡಳು, ಕೊಡಲಿಲ್ಲ. ದರ್ಗಾ ಎನ್ನುವಾಗ ದನಿ ತೊಡರಲಿಲ್ಲ. ಬಿಸಿಲಿಗೆ ಬಿದ್ದು ಬೀಬಿಯನ್ನು ಕರೆದ ಮುದುಕಿಯ ಅಳು ಕೇಳಿ ಹೊಳೆ ಉಬ್ಬಿ ಬಂತು, ಊರ ಸುತ್ತ ನಿಂತಿತು. ಏಳು ಮಂದಿ ನೆಗೆಣ್ಣಿಯರು ಈಚೆ ದಂಡೆಯಲ್ಲಿ ಸಿಕ್ಕಿಬಿದ್ದರು. ಯಾರದದು, ಕೊಡು ಎಂದು ಹೊಳೆ ಕೇಳಿತು.

“ಹುಡುಗಿ ಕೊಟ್ಟಳು,” ಎಂದಳು ನಿಲೋಫರ. “ಎಲ್ಲಾರ ಮುಂದ, ಸೀರಿ ಕಳದಂಗ ಕಳದ ಕೊಟ್ಟಳು. ಬರೀ ಮೈಲೆ ನಿಂತಂಗ ನಿಂತಳು. ಸೂರ್ಯಾ ನೋಡತಿದ್ದ. ಇಕಾ, ಮಗಳ, ನೀ ನಡು ಮಧ್ಯಾಹ್ನಕ್ಕ ನೋಡಿದ್ರ ಯಾರಿಗಿ ಇರತೈತಿ ನೆರಳ ಅಂದ. ಅಂದು ಹಂಗ ಒಂದ ಕಡೆ ವಾಲಿದ.”

“ಹೂಂ!” ಇದು ಗಂಡು ದನಿ. ನಶ್ಯದ ಡಬ್ಬಿ ತೆರೆದದ್ದು ತೆರೆದಂತೆ ಮಹಾಂತಪ್ಪನವರ ಕೈಯಲ್ಲಿತ್ತು.

“ಆಕಿ ಕಾಲಿಂದ ಆಕೀದ ಸ್ವಂತ ನೆರಳ ಹೊಂಟಿತು. ಉದ್ದ ಆತು, ಆಳದಷ್ಟಾತು, ತೆಂಗಿನಷ್ಟಾತು, ಹೊಳಿ ಮ್ಯಾಲ ಹಾಸಿ ಆಚೀ ದಂಡಿ ಮುಟ್ಟಿತು. ಏಳೂ ಮಂದಿ ಅದರ ಮ್ಯಾಲ ಹೆಜ್ಜಿ ಇಟ್ಟ ಹೊಳಿ ದಾಟಿದ್ರು. ಮುದುಕೀನ್ನ ಹೊತಗೊಂಡ ದಾಟಿದ್ರು. ಹುಡುಗಿ ಮಾತ್ರ ನಿಂತ ಜಾಗಾ ಬಿಡಲಿಲ್ಲ. ಆಕಿ ಸರದ್ರ ಅವರು ಮುಳಗತಿದ್ರು.”

ಅವಳು ನಿಲ್ಲಿಸಿದಾಗ ಬಾಗಿಲಲ್ಲಿ ಹುಡುಗಿಯರ ಗುಂಪು ನೆರೆದಿತ್ತು, ಮುಂದೆ ವಿದ್ಯಾವತಿ, ಬಾಯಿ ಅರ್ಧ ತೆರೆದಿತ್ತು. ಪ್ರಿನ್ಸಿಪಾಲರೂ ಬಂದು ನಿಂತಿದ್ದರು. ಅವರ ಬೆರಳು ಈ ಸಲ ಯಾರ ಕಡೆಗೂ ಎದ್ದಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದೇ ಅವಳಿಗೆ ಖುಷಿಯಾಯಿತು. ಕಥೆ ಮುಗಿದ ಮೇಲೆ ದಾದಿಮಾಳಿಗೂ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಹೀಗೇ ಒಂದು ಉದ್ದನೆಯ ಉಸಿರು ಬಿಡುತ್ತಿದ್ದರು.

ಸಿಸ್ಟರ್ ಲಿಯೋಕಾಡಿಯಾ ಕಣ್ಣೊರೆಸಿಕೊಂಡು, ಡ್ರಾಯರಿನಿಂದ ಒಂದು ಖಾಲಿ ಹಾಳೆ ತೆಗೆದರು. ಕಥೆಯೊಂದು ಸಿಕ್ಕಾಗಲೆಲ್ಲ ತುಂಬುವ ವಿವರಪತ್ರ. “ರ‍್ಯಾಂಕಿನ ವಿಷಯ ನಾನು ಎಂತ ಮಾಡಲಿಕ್ಕೂ ಆಗುವುದಿಲ್ಲ ನಿಲೋಫರ. ನನಗೆ ಸಿಟ್ಟೂ ಉಂಟು, ಅದು ಇಳಿಯಲಿಕ್ಕೆ ಸ್ವಲ್ಪ ದಿನ ಬೇಕು. ಆದರೆ ಕಥೆ ಇವತ್ತು ಸಿಕ್ಕಿದ್ದು. ದಾಖಲೆ ಆಗಬೇಕು.” ಪೆನ್ನಿನ ಮುಚ್ಚಳ ತೆಗೆದು, ಅವಳು ಅಪರಿಚಿತಳೆಂಬಂತೆ ಕೇಳಿದರು, “ಹೇಳಿದವರ ಹೆಸರು?”

“ನಿಲೋಫರ ಅಬ್ದುಲ್ ಕರೀಮ.”

“ಊರು?”

“ದಾಂಡೇಲಿ.”

“ಯಾರಿಂದ ಕಲಿತದ್ದು?”

“ಖೈರುನಬಿ. ಪಾಳಾದಾಕಿ. ನಮ್ಮ ದಾದಿಮಾ.” ಆ ಹೆಸರನ್ನು ಸಿಸ್ಟರ್ ತಮ್ಮ ದುಂಡು ಅಕ್ಷರದಲ್ಲಿ ಬರೆಯುವುದನ್ನು ಅವಳು ನೋಡುತ್ತ ನಿಂತಳು. ರೇಷನ್ ಕಾರ್ಡು, ಆಸ್ಪತ್ರೆಯ ಚೀಟಿ, ಕೊನೆಗೆ ಒಂದು ಮರಣದ ದಾಖಲೆ ಬಿಟ್ಟರೆ ಆ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ.

“ಸಂಗ್ರಹಿಸಿದವರು?” ಸಿಸ್ಟರ ಪೆನ್ನು ಅಲ್ಲಿ ನಿಂತಿತು. ಅವರು ಮಹಾಂತಪ್ಪನವರ ಕಡೆ ನೋಡಿದರು, ಮಹಾಂತಪ್ಪ ಸಿಸ್ಟರ ಕಡೆ ನೋಡಿದರು.

“ಅದರಾಗೇನ ವಿಚಾರ ಮಾಡ್ತೀರಿ?” ನಾತಾಲಬಾಯಿ ಮೇಜಿನ ಹತ್ತಿರ ಬಂದಿದ್ದಳು. “ಹೂಂ ಅಂದಾಕಿ ಯಾರು? ನಾ ಅಂದೀನಿ. ನಾ ಅನ್ನಲಿಲ್ಲಂದ್ರ ಪೋರಿ ಹೇಳತಿದ್ದಿಲ್ಲ. ತರ್ರಿ ಇಲ್ಲಿ.” ಹಾಳೆ ತನ್ನ ಕಡೆ ತಿರುಗಿಸಿಕೊಂಡು, ಪೆನ್ನನ್ನು ಲಟ್ಟಣಿಗೆಯಂತೆ ಹಿಡಿದು, ನಾಲಗೆಯ ತುದಿ ಹೊರಹಾಕಿ, ಎಪ್ಪತ್ತಮೂರರ ಆ ಹೆಂಗಸು ಬರೆಯತೊಡಗಿದಳು. ‘ನಾ’ ಬಂತು. ‘ತಾ’ ಬರಲು ಬಹಳ ಹೊತ್ತು ಹಿಡಿಯಿತು. ಮಹಾಂತಪ್ಪ ಗಡಿಯಾರ ನೋಡಲಿಲ್ಲ, ಸಿಸ್ಟರ್ ಸಹಾಯಕ್ಕೆ ಹೋಗಲಿಲ್ಲ. ನಿಲೋಫರ ಹಾಳೆ ಅಲ್ಲಾಡದಂತೆ ಅದರ ಅಂಚನ್ನು ಎರಡು ಬೆರಳಿಂದ ಒತ್ತಿ ಹಿಡಿದು, ನೆಟ್ಟಗೆ ನಿಂತಳು.